ಡೋನರ್ ಸಾಂದ್ರತೆ ಬದಲಿಸಿದರೆ ಟೈಮ್ ಲ್ಯಾಗ್ ಬದಲಾಗುತ್ತಿದೆ, ಯಾಕೆ?

ಪ್ರಶ್ನೆ

ಎರಡು ಕೋಣೆಯ ಗಾಜಿನ ಸೆಲ್ ನಡುವೆ ಸೆಲ್ಲೋಫೇನ್ ಫಿಲ್ಮ್ ಬಿಗಿದು, ಒಂದು ಕೋಣೆಗೆ (ಡೋನರ್) ಹಾಕಿದ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇನ್ನೊಂದಕ್ಕೆ (ರಿಸೀವರ್) ದಾಟುವುದನ್ನು ಅಳೆಯುತ್ತಿದ್ದೇನೆ. ಫಿಲ್ಮ್‌ಗೆ ಕೋಟಿಂಗ್ ಇಲ್ಲ. ಗ್ಲಿಸರಾಲ್ ಹೋಗುವಂತೆ ನೆನೆಸಿ ತೊಳೆದಿದ್ದೇನೆ. ಒದ್ದೆಯಾಗಿದ್ದಾಗ ದಪ್ಪ 45 ಮೈಕ್ರಾನ್. 25 ಡಿಗ್ರಿ ಸೆಲ್ಸಿಯಸ್, ಎರಡೂ ಕಡೆ ಸ್ಟಿರರ್. ರಿಸೀವರ್‌ನಿಂದ ಆಗಾಗ ಸ್ಯಾಂಪಲ್ ತೆಗೆದು 664 ನ್ಯಾನೋಮೀಟರ್ ಬೆಳಕಿನ ಹೀರಿಕೆ ಓದಿ, ಅದನ್ನೇ ವಾಪಸ್ ಸುರಿಯುತ್ತೇನೆ.

ಸಮಯದ ಎದುರು ರಿಸೀವರ್‌ಗೆ ಬಂದ ಬಣ್ಣದ ಗ್ರಾಫ್ ಮೊದಲು ಚಪ್ಪಟೆ, ಆಮೇಲೆ ಬಾಗಿ ನೇರ ಗೆರೆಯಾಗುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆದು, ಅದು ಸಮಯದ ಅಕ್ಷ ಮುಟ್ಟುವಲ್ಲಿ ಟೈಮ್ ಲ್ಯಾಗ್ (ಆರಂಭದ ವಿಳಂಬ) ತೆಗೆದೆ. ದಪ್ಪದ ವರ್ಗವನ್ನು ಲ್ಯಾಗ್‌ನ ಆರು ಪಟ್ಟಿನಿಂದ ಭಾಗಿಸಿದರೆ ಡಿಫ್ಯೂಷನ್ ಗುಣಾಂಕ (ಬಣ್ಣ ಫಿಲ್ಮ್‌ನೊಳಗೆ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಬರಬೇಕು ತಾನೆ?

ಡೋನರ್ 20 ಮೈಕ್ರೋಮೋಲಾರ್ ಇದ್ದಾಗ ಲ್ಯಾಗ್ 52 ನಿಮಿಷ, 100 ಇದ್ದಾಗ 21 ನಿಮಿಷ. ಅಂದರೆ ಗುಣಾಂಕ ಒಮ್ಮೆ ಸೆಕೆಂಡಿಗೆ 1.1 × 10⁻¹³ ಚದರ ಮೀಟರ್, ಇನ್ನೊಮ್ಮೆ 2.7 × 10⁻¹³. ಸೂತ್ರದಲ್ಲಿ ಸಾಂದ್ರತೆಯೇ ಇಲ್ಲ! ಆದರೆ ನೇರ ಗೆರೆಯ ಸ್ಲೋಪ್ ಮಾತ್ರ ಹೆಚ್ಚುಕಡಿಮೆ ಐದು ಪಟ್ಟೇ ಆಗಿದೆ. ಸ್ಟಿರರ್ ವೇಗ ಹೆಚ್ಚಿಸಿದರೂ ಇದೇ ಕಥೆ. ವರದಿಯಲ್ಲಿ ಯಾವುದನ್ನು ಬರೆಯಲಿ?

ಉತ್ತರ 1

ಫಿಲ್ಮ್‌ನಲ್ಲಿ ಸಣ್ಣ ತೂತು ಇಲ್ಲವೆಂದು ಖಚಿತಪಡಿಸಿಕೊಂಡಿದ್ದೀರಾ? ಬ್ಲೂ ಡೆಕ್ಸ್‌ಟ್ರಾನ್ (ತುಂಬ ದೊಡ್ಡ ಅಣುವಿನ ನೀಲಿ ಬಣ್ಣ) ಹಾಕಿ ನೋಡಿ. ಅದರ ಅಣುತೂಕ ಸುಮಾರು 20 ಲಕ್ಷ, ಸೆಲ್ಲೋಫೇನ್ ದಾಟಬಾರದು. ರಿಸೀವರ್‌ಗೆ ನೀಲಿ ಬಂದರೆ ಫಿಲ್ಮ್ ಹರಿದಿದೆ ಅಂತಲೇ ಅರ್ಥ.

ಉತ್ತರ 2

ಡೆಕ್ಸ್‌ಟ್ರಾನ್ ಪರೀಕ್ಷೆ ಒಳ್ಳೆಯದು, ಆದರೆ ಇಲ್ಲಿ ತೂತಿನ ಲಕ್ಷಣ ಕಾಣುತ್ತಿಲ್ಲ. ತೂತಿದ್ದರೆ ಬಣ್ಣ ಮೊದಲ ಸ್ಯಾಂಪಲ್‌ನಲ್ಲೇ ಸಿಗುತ್ತಿತ್ತು, ಗ್ರಾಫ್ ಚಪ್ಪಟೆಯಾಗಿ ಶುರುವಾಗುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯ ಒಳಗೇ ಸುಳಿವಿದೆ: ಸ್ಲೋಪ್ ಸರಿಯಾಗಿದೆ, ಲ್ಯಾಗ್ ಮಾತ್ರ ಕದಲುತ್ತಿದೆ. ಬಣ್ಣ ಫಿಲ್ಮ್‌ಗೆ ಅಂಟುತ್ತಿದೆ. ಮೆಥಿಲೀನ್ ಬ್ಲೂ ಧನ ಅಯಾನು. ಸೆಲ್ಲೋಫೇನ್ ಅಂದರೆ ಸೆಲ್ಯುಲೋಸ್, ಅದರಲ್ಲಿ ಅಲ್ಲಲ್ಲಿ ಋಣ ಆವೇಶ ಹೊರುವ ಕಾರ್ಬಾಕ್ಸಿಲ್ ಗುಂಪುಗಳಿರುತ್ತವೆ. ಸೆಲ್ಯುಲೋಸ್‌ನಲ್ಲಿ ಕಾರ್ಬಾಕ್ಸಿಲ್ ಎಷ್ಟಿದೆ ಅಂತ ಅಳೆಯಲು ಇದೇ ಬಣ್ಣವನ್ನು ಬಳಸುವ ವಿಧಾನವೇ ಇದೆ. ಒಳಹೊಕ್ಕ ಅಣುಗಳು ಮೊದಲು ಆ ಜಾಗಗಳನ್ನು ತುಂಬಬೇಕು, ಆಮೇಲೆ ಆಚೆ ದಡಕ್ಕೆ ಹೋಗಬೇಕು. ಡೋನರ್ ದಟ್ಟವಾಗಿದ್ದರೆ ಜಾಗ ಬೇಗ ತುಂಬುತ್ತದೆ, ಲ್ಯಾಗ್ ಕುಗ್ಗುತ್ತದೆ. ತುಂಬಿದ ಮೇಲೆ ಅಂಟಿಕೊಂಡ ಬಣ್ಣ ಕದಲದೆ ಕೂತಿರುತ್ತದೆ, ಹರಿವಿಗೆ ಏನೂ ಸೇರಿಸುವುದಿಲ್ಲ, ಕಳೆಯುವುದೂ ಇಲ್ಲ. ಹಾಗಾಗಿ ಸ್ಲೋಪ್ ಸಾಂದ್ರತೆಗೆ ತಕ್ಕಂತೆ ಏರುತ್ತದೆ.

ಅಂಟುವಿಕೆ ಬಲವಾಗಿದ್ದಾಗ ಲ್ಯಾಗ್‌ನಲ್ಲಿ ಎರಡು ಭಾಗ. ಒಂದು, ನೀವು ಬಳಸಿದ ಸೂತ್ರದ ಭಾಗ, ಅದು ಬದಲಾಗದು. ಇನ್ನೊಂದು ಜಾಗ ತುಂಬಲು ಬೇಕಾದ ಸಮಯ, ಅದು ಡೋನರ್ ಸಾಂದ್ರತೆಗೆ ವಿಲೋಮ. ಆದ್ದರಿಂದ ಲ್ಯಾಗ್ ಅನ್ನು ಸಾಂದ್ರತೆಯ ವಿಲೋಮದ ಎದುರು ಹಾಕಿ, ಗೆರೆ ಎಳೆದು, ವಿಲೋಮ ಸೊನ್ನೆಯಾಗುವಲ್ಲಿ ಲ್ಯಾಗ್ ಎಷ್ಟಾಗುತ್ತದೆ ನೋಡಿ. ನಿಮ್ಮ ಎರಡು ಬಿಂದುಗಳಿಂದ ಸುಮಾರು 13 ನಿಮಿಷ ಬರುತ್ತದೆ, ಗುಣಾಂಕ ಸುಮಾರು 4.2 × 10⁻¹³. ನೀವು ಬರೆದ ಎರಡೂ ಅಂಕಿಗಳಿಗಿಂತ ದೊಡ್ಡದು! ಆದರೆ ದಯವಿಟ್ಟು ಇದನ್ನು ವರದಿಗೆ ಹಾಕಬೇಡಿ. ಎರಡು ಬಿಂದುಗಳ ನಡುವೆ ಯಾವ ಗೆರೆಯಾದರೂ ನೇರವೇ. 40, 60, 80ರಲ್ಲೂ ಅಳೆಯಿರಿ. ಪ್ರತಿ ಸಲ ಹೊಸ ಫಿಲ್ಮ್ ತುಂಡು ಹಾಕಿ, ಹಳೆಯದರಲ್ಲಿ ಜಾಗಗಳು ಆಗಲೇ ತುಂಬಿರುತ್ತವೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಬಿಚ್ಚಿದ ಫಿಲ್ಮ್ ಎಷ್ಟು ತೊಳೆದರೂ ನೀಲಿಯಾಗೇ ಇತ್ತು. ಉಪ್ಪಿನ ನೀರಿಗೆ ಹಾಕಿದ್ದೇ ಬಣ್ಣ ಬಿಡತೊಡಗಿತು. ಹಾಗಾದರೆ ಎರಡೂ ಕಡೆ ಸೋಡಿಯಂ ಕ್ಲೋರೈಡ್ ಹಾಕಿಯೇ ಪ್ರಯೋಗ ಮಾಡಬಹುದೇ?

ಉತ್ತರ 2

ಉಪ್ಪಿಗೆ ಬಣ್ಣ ಬಿಟ್ಟಿತೆಂದರೆ ಅದು ವಿದ್ಯುದಾವೇಶದ ಹಿಡಿತವೇ. ತುಂಬ ಉಪಯುಕ್ತ ಗಮನಿಕೆ, ವರದಿಯಲ್ಲಿ ಖಂಡಿತ ಬರೆಯಿರಿ.

ಉಪ್ಪು ಹಾಕಿದರೆ ಅಂಟುವಿಕೆ ಕಡಿಮೆಯಾಗುತ್ತದೆ ನಿಜ, ಆದರೆ ಮೆಥಿಲೀನ್ ಬ್ಲೂ ಅಣುಗಳು ಜೋಡಿಯಾಗುವುದು ಹೆಚ್ಚುತ್ತದೆ. ಜೋಡಿಗಳಿಂದ ಬರುವ 610 ನ್ಯಾನೋಮೀಟರ್ ಆಸುಪಾಸಿನ ಉಬ್ಬು 664ರ ಶಿಖರಕ್ಕೆ ಹೋಲಿಸಿದರೆ ಏರಿತೇ ನೋಡಿ. ಏರಿದರೆ ದಾಟುತ್ತಿರುವುದು ಒಂಟಿ ಅಣುವೋ ಜೋಡಿಯೋ ಹೇಳಲಾಗದು. ಡೋನರ್ ಅನ್ನು 100ಕ್ಕಿಂತ ಬಹಳ ಮೇಲಕ್ಕೆ ಒಯ್ಯಬೇಡಿ ಅನ್ನುವುದಕ್ಕೂ ಇದೇ ಕಾರಣ. ನಾನಾದರೆ ಉಪ್ಪಿಲ್ಲದೆ ಐದು ಸಾಂದ್ರತೆಗಳನ್ನು ಮುಗಿಸಿ, ಆಮೇಲೆ ಒಂದು ಸಲ ಉಪ್ಪು ಹಾಕಿ ಹೋಲಿಸುತ್ತಿದ್ದೆ.

ಉತ್ತರ 3

ದಪ್ಪದ ಬಗ್ಗೆ ಒಂದು ಮಾತು. ಅದು ವರ್ಗವಾಗಿ ಬರುವುದರಿಂದ 45ರ ಬದಲು ನಿಜಕ್ಕೂ 50 ಮೈಕ್ರಾನ್ ಇದ್ದರೆ ಗುಣಾಂಕ ಶೇ. 23ರಷ್ಟು ಏರುತ್ತದೆ. ಮೈಕ್ರೋಮೀಟರ್ ಬಿಗಿದರೆ ಒದ್ದೆ ಫಿಲ್ಮ್ ಅಮುಕಿಹೋಗುತ್ತದೆ. ಎರಡು ಗಾಜಿನ ಸ್ಲೈಡ್ ನಡುವೆ ಇಟ್ಟು, ಹಲವು ಕಡೆ ಅಳೆದು, ಸ್ಲೈಡ್‌ಗಳ ದಪ್ಪ ಕಳೆಯಿರಿ.