ಮಾಸ್ಕ್ ಹಾಕಿದ್ರೂ ಮೂಗಿನ್ಯಾಗ ಕಟ್ಟಿಗಿ ಹುಡಿ, ಏನ್ ಮಾಡ್ಲಿ?

ಉಳಿಬಾಚಿ_ಧಾಯರಿ
ನಮಸ್ಕಾರ್ರೀ. ಸಾಕಾಗೇತಿ ನನಗ. ಊರಿಂದ ತಂದ ಅಜ್ಜನ ಕಾಲದ ಸಾಗವಾನಿ ಬಾಗಲಾ ಮೂರು ವಾರದಿಂದ ಟೆರೇಸಿನ್ಯಾಗ ಸ್ಯಾಂಡಿಂಗ್ ಮಾಡಾಕತ್ತೀನಿ, ಅಂದ್ರ ಉಜ್ಜಿ ನುಣುಪು ಮಾಡೋದು. ಛಲೋದ ಇರ್ಲಿ ಅಂತ ರಬ್ಬರ್ ಮಾಸ್ಕ್ ತಗೊಂಡೀನಿ, ಎರಡೂ ಕಡೆ ಫಿಲ್ಟರ್ ಇರೋದು. ಆದ್ರೂ ಸಂಜಿಮುಂದ ಮೂಗು ಸೀತ್ರ ಕರವಸ್ತ್ರ ಕಂದು ಬಣ್ಣ. ರಾತ್ರಿ ಗಂಟಲಾ ಕೆರೀತೈತಿ. ಮನ್ಯಾಗ "ಇನ್ನ ಆ ಬಾಗಲಾ ಮುಟ್ಟಬ್ಯಾಡ್ರಿ" ಅಂತ ದಿನಾ ಜಗಳ. ಇಷ್ಟು ರೊಕ್ಕಾ ಹಾಕಿದ ಮ್ಯಾಲೂ ಹಿಂಗಾದ್ರ ಯಾವ ಮಾಸ್ಕ್ ತಗೋಬೇಕ್ರಿ?

ಹಿಂಜವಡಿ_ಹವ್ಯಾಸಿ
ಗಡ್ಡ ಇದ್ಯಾ ಸರ್? ಎರಡು ದಿನದ ಕುರುಚಲು ಗಡ್ಡ ಇದ್ರೂ ಸಾಕು, ರಬ್ಬರ್ ಅಂಚು ಚರ್ಮಕ್ಕೆ ಕೂರಲ್ಲ. ಆ ಸಂದಿಯಲ್ಲೇ ಧೂಳು ನುಗ್ಗತ್ತೆ.

ಉಳಿಬಾಚಿ_ಧಾಯರಿ
ದಿನಾ ಗಡ್ಡಾ ಹೆರೀತೀನ್ರಿ. ಚಷ್ಮಾಕ್ಕ ಆವಿ ಸೈತ ಹಿಡಿಯಂಗಿಲ್ಲ. ಮಾಸ್ಕ್ ಮುಖಕ್ಕ ಗಟ್ಟಿ ಕುಂತೈತೋ ಇಲ್ಲೋ ಅಂತ ಸೀಲ್ ಚೆಕ್ ಮಾಡೀನಿ, ಬರೋಬ್ಬರಿ ಐತಿ.

ಹಿಂಜವಡಿ_ಹವ್ಯಾಸಿ
ಮೀಸೆ? ಅಂಚಿನ ಕೆಳಗೆ ಸಿಕ್ಕೋವಷ್ಟು ದಪ್ಪ ಮೀಸೆ ಇದ್ರೂ ಅದೇ ಕಥೆ. ಗಡ್ಡ ಮೀಸೆ ಸರಿ ಇದ್ರೆ ಸೈಜ್ ನೋಡಿ. ಈ ಮಾಸ್ಕ್‌ಗಳಲ್ಲಿ ಸಾಮಾನ್ಯವಾಗಿ ಮೂರು ಸೈಜ್ ಬರತ್ತೆ, ಅಂಗಡಿಯವರು ಕೇಳದೇ ಮೀಡಿಯಂ ಕೊಟ್ಟುಬಿಡ್ತಾರೆ. ಇದನ್ನ ಹಗುರ ಮಾಡ್ಬೇಡಿ. ಮರದ ಧೂಳಿಂದ ಕ್ಯಾನ್ಸರ್ ಬರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅದನ್ನ 1ನೇ ಗುಂಪಿಗೆ, ಅಂದ್ರೆ ಖಚಿತವಾಗಿ ಕ್ಯಾನ್ಸರ್ ತರೋ ವಸ್ತುಗಳ ಗುಂಪಿಗೆ ಸೇರಿಸಿದೆ, ಮೂಗಿನ ಕ್ಯಾನ್ಸರ್. ನನ್ನ ಪ್ರಕಾರ ನಿಮ್ಮದು ಮುಖದ ಅಂಚಿನ ಸೋರಿಕೆನೇ.

ಕೀಸುಳಿ_ಡೊಂಬಿವಲಿ
ಯಾವ ಫಿಲ್ಟರ್ ಅಂತ ಅವರು ಇನ್ನೂ ಹೇಳಲೇ ಇಲ್ಲ ಮಾರಾಯ್ರೇ, ನೀವು ಮೀಸೆ ಹಿಡ್ಕೊಂಡು ಕೂತಿದ್ದೀರಿ. ಪೇಂಟಿನವರ ಕಪ್ಪು ಪಟ್ಟಿಯ ಕಾರ್ಟ್ರಿಜ್ ಒಂದನ್ನೇ ಹಾಕಿದ್ದರೆ ಅದು ಥಿನ್ನರ್ ವಾಸನೆ ತಡೀತದೆ, ಧೂಳಿಗೆ ಆಗ್ಲಿಕ್ಕಿಲ್ಲ. ಅದರ ಮುಂದೆ ಬಿಳಿ ಪ್ಯಾಡ್ ಬೇರೆಯೇ ಹಾಕ್ಬೇಕು. ಮತ್ತೆ ಬಾಗಿಲಿಗೆ ಹಳೇ ಎಣ್ಣೆ ಬಣ್ಣ ಉಂಟಾ? ಇದ್ದರೆ ಇವತ್ತೇ ನಿಲ್ಲಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ಹುಡಿ ಎಬ್ಬಿಸಬಾರದು.

ಉಳಿಬಾಚಿ_ಧಾಯರಿ
ಬಣ್ಣ ಇಲ್ರಿ, ಬರೀ ಪಾಲಿಶ್. ಫಿಲ್ಟರ್ ಗುಲಾಬಿ ಬಣ್ಣದ ದುಂಡನ್ನವು, ಸಣ್ಣ ಹುಡಿ ಸೈತ ತಡಿಯೋ ಪಿ100. ಸ್ಯಾಂಡಿಂಗ್ ಅಂದ್ರ ಅದ ಇರತೈತಿ ಅಂತ ಬರೀಲಿಲ್ಲ.

ವಸಾಯಿ_ಗಾಳಾ
ಪಿ100 ಎಲ್ಲಾ ಯಾಕೆ? ಎನ್95 ಸಾಕು. ಮೊದಲು ಧೂಳು ಎಳೆಯೋ ವ್ಯವಸ್ಥೆ ಮಾಡ್ಕೊಳ್ಳಿ. ನನ್ನ ಗಾಳಾದಲ್ಲಿ, ಅಂದ್ರೆ ವರ್ಕ್‌ಶಾಪಲ್ಲಿ, ಧೂಳು ಎಳೆಯೋ 3 ಎಚ್‌ಪಿ ಕಲೆಕ್ಟರ್, ಅದರ ಮುಂದೆ ದಪ್ಪ ಹುಡಿ ಬೇರ್ಪಡಿಸೋ ಸೈಕ್ಲೋನ್, ಪ್ರತಿ ಮಶೀನಿಗೂ 4 ಇಂಚಿನ ಪೈಪ್, ಪೈಪ್ ಮುಚ್ಚಿ ತೆಗೆಯೋ ಬ್ಲಾಸ್ಟ್ ಗೇಟ್ ನಾನೇ ಪ್ಲೈವುಡ್‌ನಲ್ಲಿ ಮಾಡಿದ್ದು. ಡ್ರಮ್ ವಾರಕ್ಕೊಮ್ಮೆ ತುಂಬತ್ತೆ, ನೆಲದ ಮೇಲೆ ಹುಡಿ ಇಲ್ಲ. ಬಳಸಿ ಬಿಸಾಡೋ ಮಾಸ್ಕ್ ತಗೊಳ್ಳೋದಾದ್ರೆ ಎಫ್‌ಎಫ್‌ಪಿ2 ಬೇಡ, ಅದು ತಡೆಯೋದು ನೂರಕ್ಕೆ ಬರೀ 94.

ಹಿಂಜವಡಿ_ಹವ್ಯಾಸಿ
94ಕ್ಕೂ 95ಕ್ಕೂ ಜಗಳ ಬೇಡ ಸರ್. ಎನ್95 ಅಮೆರಿಕದ ನಿಯೋಶ್ ಸಂಸ್ಥೆಯ ಪರೀಕ್ಷೆ, ಎಫ್‌ಎಫ್‌ಪಿ2 ಯುರೋಪಿನ ಇಎನ್ 149 ಮಾನದಂಡದ್ದು, ಗಾಳಿ ಹರಿಸೋ ರೀತಿನೇ ಬೇರೆ. ಕೆಲಸಕ್ಕೆ ಎರಡೂ ಒಂದೇ. ನಮ್ಮಲ್ಲಿ ಐಎಸ್ 9473 ಗುರುತು ನೋಡಿ. ಅದಕ್ಕಿಂತ ಮುಖ್ಯ ಪಟ್ಟಿ. ಕಿವಿಗೆ ಸಿಕ್ಕಿಸೋದು ಸಡಿಲ ಆಗತ್ತೆ, ತಲೆ ಹಿಂದೆ ಎರಡು ಪಟ್ಟಿ ಇರೋದೇ ತಗೋಬೇಕು.

ವಸಾಯಿ_ಗಾಳಾ
20 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನನಗೆ ನಂಬರ್ ಹೇಳಿಕೊಡೋದು ಬೇಡ.

ಕಲ್ಲುಕೆಲಸ_ಮಾಪ್ಸಾ
ನಡುವ ಕೇಳಾಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಾವು ವಿಜಾಪುರ ಕಡಿಯವ್ರು, ಗೋವಾದಾಗ ಅಡಗಿಮನಿ ಕಟ್ಟಿ ಮ್ಯಾಲ ಹಾಕೋ ಗ್ರಾನೈಟ್ ಕೊಯ್ಯೋದು. ಹುಡುಗ್ರು ಬಾಯಿಗೆ ಟವೆಲ್ ಕಟ್ಕೋತಾರ. ಎನ್95 ಕೊಡಸಿದ್ರ ಸಾಕೇನ್ರಿ?

ಕೀಸುಳಿ_ಡೊಂಬಿವಲಿ
ಅಣ್ಣಾ, ಟವೆಲ್ ಇವತ್ತೇ ಬಿಡಿಸಿ. ಗ್ರಾನೈಟಿನಲ್ಲಿ ಸಿಲಿಕಾ ಉಂಟು. ಅದರ ಸಣ್ಣ ಹುಡಿ ಶ್ವಾಸಕೋಶದ ತಳಕ್ಕೆ ಹೋಗಿ ಕೂತರೆ ಸಿಲಿಕೋಸಿಸ್, ಅದು ವಾಸಿ ಆಗುವ ಕಾಯಿಲೆ ಅಲ್ಲ. ಮೊದಲು ನೀರು. ಬ್ಲೇಡ್ ಕಲ್ಲಿಗೆ ತಾಗುವಲ್ಲೇ ನೀರು ಬೀಳುವ ಕಟರ್ ಮಾಡಿಸಿ, ಹುಡಿ ಕೆಸರಾಗಿ ಇಳೀತದೆ. ಕರೆಂಟಿನ ಕಟರ್ ಆದರೆ ಶಾಕ್ ಹೊಡೆಯದ ಹಾಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಆರ್‌ಸಿಸಿಬಿ, ಬೇಕೇ ಬೇಕು. ಆಮೇಲೆ ಮಾಸ್ಕ್, ಅದೂ ರಬ್ಬರಿನದ್ದು, ಪಿ100 ಹಾಕಿ. ನಿಮಗೆ ಬೇರೆಯೇ ಚರ್ಚೆ ತೆರೀತೇನೆ, ಇಲ್ಲಿ ಕಳೆದುಹೋಗ್ತದೆ.

ಧಾಯರಿಯವರೇ, ಸೀಲ್ ಚೆಕ್ ಮಾಡಿದೆ ಅಂದ್ರಲ್ಲ, ಹೇಗೆ ಮಾಡಿದ್ದು?

ಉಳಿಬಾಚಿ_ಧಾಯರಿ
ಮುಂದಿನ ವಾಲ್ವ್ ಮ್ಯಾಲ ಅಂಗೈ ಇಟ್ಟು ಮೆತ್ತಗ ಊದಿದೆ. ಮಾಸ್ಕ್ ಉಬ್ಬಿತು, ಎಲ್ಲೂ ಗಾಳಿ ಸೋರಲಿಲ್ಲ.

ಹಿಂಜವಡಿ_ಹವ್ಯಾಸಿ
ಊದಿದಾಗ ಸರಿ ಇರತ್ತೆ, ತಲೆ ಬಗ್ಗಿಸಿದಾಗ ದವಡೆ ಹತ್ರ ಬಿಡತ್ತೆ. ಚಿಕ್ಕ ಸೈಜ್ ಹಾಕಿ ನೋಡಿ.

ಕೀಸುಳಿ_ಡೊಂಬಿವಲಿ
ಸ್ವಲ್ಪ ನಿಲ್ಲಿ. ಅದು ಅರ್ಧ ಪರೀಕ್ಷೆ. ಅಂಗೈ ಇಟ್ಟಾಗ ಉಸಿರು ಬಿಡುವ ವಾಲ್ವನ್ನು ನೀವೇ ಮುಚ್ಚಿದಿರಿ, ಅದು ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಈಗ ಎರಡೂ ಫಿಲ್ಟರಿನ ನಡುವಿನ ಗುಳಿಯಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಮೆಲ್ಲ ಉಸಿರು ಎಳೀರಿ. ಮಾಸ್ಕ್ ಒಳಗೆ ಎಳೆದುಕೊಂಡು ಮುಖಕ್ಕೆ ಅಂಟಿ ಹಾಗೇ ನಿಲ್ಲಬೇಕು. ಗಾಳಿ ಬಂದರೆ ಮುಂದಿನ ಮುಚ್ಚಳ ತೆಗೆದು ರಬ್ಬರ್ ಬಿಲ್ಲೆ ನೋಡಿ.

ಉಳಿಬಾಚಿ_ಧಾಯರಿ
ಮಾಡಿದೆ. ಅಂಟಲೇ ಇಲ್ರಿ! ಮೂಗಿನ ಕೆಳಗ ತಣ್ಣಗ ಗಾಳಿ ಬಂತು. ಮುಚ್ಚಳಾ ತಗದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ತೆಳ್ಳನ್ನ ಬಿಲ್ಲಿ ಒಂದು ಕಡೆ ಎದ್ದು ಕುಂತೈತಿ. ಅದರ ಅಡಿ ಒಂದು ಕೂದಲಾ, ಬ್ರಶಿಂದು ಇರಬೇಕು. ಕೂದಲಿನ ಗುಂಟ ಒಳಗಿನ ತನಾ ಸಾಗವಾನಿ ಹುಡಿ ಕಾಡಿಗಿ ಗೆರಿ ಎಳದಂಗ ಕುಂತಿತ್ತು. ಹೋದ ತಿಂಗಳ ತೊಳದು ಟೆರೇಸಿನ ಬಿಸಲಾಗ ಒಣಗಿಸಿದ್ದೆ, ಅಂಚೂ ಸ್ವಲ್ಪ ಸೊಟ್ಟ ಆಗೇತಿ.

ಕೀಸುಳಿ_ಡೊಂಬಿವಲಿ
ಅದೇ ಕಳ್ಳ. ಉಸಿರು ಎಳೆದಾಗೆಲ್ಲ ಗಾಳಿ ಫಿಲ್ಟರ್ ಬಿಟ್ಟು ಈ ಸುಲಭದ ದಾರಿಯಲ್ಲಿ ಬರ್ತಿತ್ತು. ಒದ್ದೆ ಬಟ್ಟೆಯಲ್ಲಿ ಬಿಲ್ಲೆ, ಅದು ಕೂರುವ ಜಾಗ ಎರಡೂ ಒರೆಸಿ. ಥಿನ್ನರ್ ಮುಟ್ಟಿಸ್ಬೇಡಿ. ಸೊಟ್ಟ ಆದ ಬಿಲ್ಲೆ ಬದಲಿಸಲೇಬೇಕು, ಬಿಡಿಯಾಗಿ ಸಿಗ್ತದೆ. ಮಾಸ್ಕ್ ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ, ಆಮೇಲೆ ಜಿಪ್ ಚೀಲಕ್ಕೆ. ಫಿಲ್ಟರ್ ಮಾತ್ರ ತೊಳೀಬೇಡಿ, ಕಂಪ್ರೆಸರ್ ಗಾಳಿಯನ್ನೂ ಹೊಡೀಬೇಡಿ. ಉಸಿರು ಎಳೀಲಿಕ್ಕೆ ಕಷ್ಟ ಆದಾಗ ಬದಲಿಸಿ. ಇನ್ನೊಂದು, ಮಶೀನ್ ನಿಂತ ತಕ್ಷಣ ಮಾಸ್ಕ್ ತೆಗೀತೀರಾ?

ಉಳಿಬಾಚಿ_ಧಾಯರಿ
ಹೌದ್ರಿ, ತಗದು ಕಸಾ ಹೊಡೀತೀನಿ.

ಕೀಸುಳಿ_ಡೊಂಬಿವಲಿ
ಅಲ್ಲಿಯೂ ತಿಂತಿದ್ದೀರಿ. ಕಣ್ಣಿಗೆ ಕಾಣದ ಹುಡಿ ತುಂಬಾ ಹೊತ್ತು ಗಾಳಿಯಲ್ಲೇ ಇರ್ತದೆ, ಪೊರಕೆ ಅದನ್ನು ಮತ್ತೆ ಎಬ್ಬಿಸ್ತದೆ. ಮಾಸ್ಕ್ ಇಟ್ಕೊಂಡೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂಜವಡಿ_ಹವ್ಯಾಸಿ
ವಾಲ್ವ್ ಅಂತ ನನಗೆ ಹೊಳೀಲಿಲ್ಲ. ಆದ್ರೂ ಸೈಜ್ ಒಂದ್ಸಲ ನೋಡ್ಕೊಳ್ಳಿ.

ವಸಾಯಿ_ಗಾಳಾ
ಬಿಲ್ಲೆ ಮುಂಬೈನ ನಾಗದೇವಿ ಗಲ್ಲಿಯಲ್ಲಿ ವಿಚಾರಿಸಿ, ಸೇಫ್ಟಿ ಸಾಮಾನಿನ ಅಂಗಡಿ ಸಾಲಾಗಿವೆ. ಹಳೇ ಬಿಲ್ಲೆ ಜೊತೆಗೆ ಒಯ್ಯಿರಿ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ಉಳಿಬಾಚಿ_ಧಾಯರಿ
ಶನಿವಾರ ಮುಂಬೈಗೆ ಹೋಗಿ ಎರಡು ಬಿಲ್ಲಿ ತಂದೆ. ಈಗ ಹೆಬ್ಬೆಟ್ಟು ಒತ್ತಿ ಉಸುರು ಎಳದ್ರ ಮಾಸ್ಕ್ ಗಟ್ಟಿ ಹಿಡಕೋತೈತಿ. ನಿನ್ನೆ ಮೂರು ತಾಸು 120 ನಂಬರಿನ ಸ್ಯಾಂಡ್ ಪೇಪರ್ ಹೊಡದೆ, ಒದ್ದಿ ಬಟ್ಟೀಲೆ ಒರಸಿ ಆಮ್ಯಾಲ ಮಾಸ್ಕ್ ತಗದೆ. ಕರವಸ್ತ್ರ ಬೆಳ್ಳಗ ಐತ್ರಿ. ಬಾಗಲಾದ ಇನ್ನೊಂದು ಮಗ್ಗಲಾ ಇವತ್ತ ಹಿಡದೀನಿ.