ಮಾವಿನೆಲೆಯ ಡಿಎನ್‌ಎ: ಪಿಸಿಆರ್‌ನಲ್ಲಿ ಬ್ಯಾಂಡ್ ಬರ್ತಿಲ್ಲ

ಪ್ರಶ್ನೆ

ಬಲಿತ ಮಾವಿನೆಲೆಯಿಂದ ಸಿಟ್ಯಾಬ್ (ಕೋಶ ಒಡೆಯುವ ಡಿಟರ್ಜೆಂಟ್) ವಿಧಾನದಲ್ಲಿ ಡಿಎನ್‌ಎ ತೆಗೆದು, ಪಿಸಿಆರ್ (ಬೇಕಾದ ಡಿಎನ್‌ಎ ತುಣುಕಿನ ಪ್ರತಿಗಳನ್ನು ಬೆಳೆಸುವ ವಿಧಾನ) ಮಾಡುತ್ತಿದ್ದೇನೆ. ಆರ್‌ಬಿಸಿಎಲ್ ಜೀನಿನ ಸುಮಾರು 600 ಬೇಸ್ ಜೋಡಿಯ ತುಣುಕು ಬೇಕು, ಸೀಕ್ವೆನ್ಸಿಂಗ್‌ಗೆ (ಬೇಸ್‌ಗಳ ಕ್ರಮ ಓದಲು). 25 ಮೈಕ್ರೊಲೀಟರ್ ರಿಯಾಕ್ಷನ್: 10ಎಕ್ಸ್ ಬಫರ್ 2.5 (ಅಂತಿಮ ಮೆಗ್ನೀಸಿಯಂ 1.5 ಮಿಲಿಮೋಲಾರ್), 10 ಮಿಲಿಮೋಲಾರ್ ಡಿಎನ್‌ಟಿಪಿ (ಡಿಎನ್‌ಎ ಕಟ್ಟುವ ಬಿಡಿ ಘಟಕಗಳು) ಮಿಕ್ಸ್ 0.5, 10 ಮೈಕ್ರೊಮೋಲಾರ್ ಪ್ರೈಮರ್ (ಪ್ರತಿ ಶುರುವಾಗುವ ಜಾಗಕ್ಕೆ ಅಂಟುವ ಚಿಕ್ಕ ಡಿಎನ್‌ಎ) ತಲಾ 0.5, ಟ್ಯಾಕ್ (ಪ್ರತಿ ಮಾಡುವ ಕಿಣ್ವ) 1 ಯೂನಿಟ್ (0.2), ಡಿಎನ್‌ಎ 1, ಉಳಿದಿದ್ದು ನೀರು. 95 ಡಿಗ್ರಿ 3 ನಿಮಿಷ. ಆಮೇಲೆ 95ರಲ್ಲಿ 30 ಸೆಕೆಂಡ್, 55ರಲ್ಲಿ 30 ಸೆಕೆಂಡ್, 72ರಲ್ಲಿ 1 ನಿಮಿಷ, ಹೀಗೆ 35 ಸೈಕಲ್.

ನ್ಯಾನೊಡ್ರಾಪ್‌ನಲ್ಲಿ (ಬೆಳಕು ಹೀರುವಿಕೆಯಿಂದ ಡಿಎನ್‌ಎ ಪ್ರಮಾಣ, ಶುದ್ಧತೆ ಅಳೆಯುವ ಯಂತ್ರ) 110 ನ್ಯಾನೊಗ್ರಾಂ/ಮೈಕ್ರೊಲೀಟರ್, 260/280 = 1.8, 260/230 = 0.7. ಜೆಲ್‌ನಲ್ಲಿ ಸ್ಯಾಂಪಲ್ ಲೇನ್ ಪೂರ್ತಿ ಖಾಲಿ. ತಂಬಾಕಿನ ಪಾಸಿಟಿವ್ ಕಂಟ್ರೋಲ್ ಚೆನ್ನಾಗಿ ಬರುತ್ತದೆ. ಡಿಎನ್‌ಎ ಬದಲು ನೀರು ಹಾಕಿದ ನೆಗೆಟಿವ್‌ನಲ್ಲಿ 100 ಬೇಸ್ ಜೋಡಿಯ ಕೆಳಗೆ ಮಬ್ಬು ಗೆರೆ. ಡಿಎನ್‌ಎ 5 ಮೈಕ್ರೊಲೀಟರ್‌ಗೆ ಏರಿಸಿದರೂ ಅಷ್ಟೇ. ಅನೀಲಿಂಗ್ (ಪ್ರೈಮರ್ ಅಂಟುವ ಹಂತ, ಈಗ 55 ಡಿಗ್ರಿ) 50ಕ್ಕೆ ಇಳಿಸಲೇ?

ಉತ್ತರ

ಇಳಿಸಬೇಡಿ. ನೆಗೆಟಿವ್‌ನಲ್ಲಿ ಕಾಣುತ್ತಿರುವುದು ಪ್ರೈಮರ್ ಡೈಮರ್, ಅಂದರೆ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿ ಬೆಳೆದ ಚಿಕ್ಕ ತುಣುಕು. 600ರಲ್ಲಿ ಗೆರೆ ಇಲ್ಲವಾದ್ದರಿಂದ ಕಂಟಾಮಿನೇಷನ್ ಭಯ ಬೇಡ. ಗಮನಿಸಬೇಕಾದ್ದು, ಸ್ಯಾಂಪಲ್ ಲೇನ್‌ನಲ್ಲಿ ಆ ಡೈಮರ್ ಕೂಡ ಇಲ್ಲ. ಅಂದರೆ ಆ ಟ್ಯೂಬಿನಲ್ಲಿ ಟ್ಯಾಕ್ ಕೆಲಸವನ್ನೇ ಮಾಡಿಲ್ಲ. 260/230 = 0.7 (ಶುದ್ಧ ಡಿಎನ್‌ಎಯಲ್ಲಿ 2ರ ಆಸುಪಾಸು) ಅದಕ್ಕೆ ಹೊಂದುತ್ತದೆ: ಟ್ಯಾಕ್ ತಡೆಯುವ ಪಾಲಿಫೀನಾಲ್, ಪಾಲಿಸ್ಯಾಕರೈಡ್ ಡಿಎನ್‌ಎ ಜೊತೆಗೇ ಬಂದಿವೆ. 5 ಮೈಕ್ರೊಲೀಟರ್ ಹಾಕಿದಾಗ ಆ ಕೊಳೆಯೂ ಐದು ಪಟ್ಟಾಯಿತು.

ಡಿಎನ್‌ಎಯನ್ನು ನೀರಿನಲ್ಲಿ 1:10, 1:50, 1:100 ತೆಳುಮಾಡಿ ಮೂರನ್ನೂ ಒಟ್ಟಿಗೆ ಹಾಕಿ. ಇನ್ನೊಂದು ಟ್ಯೂಬಿನಲ್ಲಿ ತಂಬಾಕಿನ ಡಿಎನ್‌ಎ ಜೊತೆ ತೆಳುಮಾಡದ ಮಾವಿನ ಡಿಎನ್‌ಎ 1 ಮೈಕ್ರೊಲೀಟರ್ ಸೇರಿಸಿ. ತಂಬಾಕಿನ ಬ್ಯಾಂಡೂ ಮಾಯವಾದರೆ ತಡೆ ಆ ಕೊಳೆಯದೇ ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಇನ್ನೊಂದು ಉತ್ತರ

ಮೇಲಿನದು ಸರಿ, ಆದರೆ ಮೂಲ ಸರಿಪಡಿಸಬೇಕಾದ್ದು ಡಿಎನ್‌ಎ ತೆಗೆಯುವ ಹಂತದಲ್ಲಿ. ಬಲಿತ ಎಲೆ ಬಿಟ್ಟು ಕೆಂಪು ಚಿಗುರು ಬಲಿಯುವ ಮುಂಚಿನ ಎಳೆ ಎಲೆ ತನ್ನಿ. 2% ಸಿಟ್ಯಾಬ್, 1.4 ಮೋಲಾರ್ ಉಪ್ಪಿನ ಬಫರ್‌ಗೆ 2% ಪಿವಿಪಿ (ಪಾಲಿಫೀನಾಲ್ ಹಿಡಿಯುವ ಪಾಲಿಮರ್) ಹಾಕಿ, ಬೀಟಾ-ಮರ್‌ಕ್ಯಾಪ್ಟೊಇಥನಾಲ್ (ಪಾಲಿಫೀನಾಲ್ ಆಕ್ಸಿಡೀಕರಣ ತಡೆಯುವ ರಾಸಾಯನಿಕ) 0.2% ಬಳಸುವ ಹೊತ್ತಿಗೇ, ಫ್ಯೂಮ್ ಹುಡ್ ಒಳಗೇ ಸೇರಿಸಿ. ಕ್ಲೋರೊಫಾರಂ:ಐಸೊಅಮೈಲ್ (24:1) ಹಂತವನ್ನು ಎರಡು ಸಲ ಮಾಡಿ. ಮೇಲಿನ ಪದರ ತೆಗೆಯುವಾಗ ನಡುವಿನ ಬಿಳಿ ಪೊರೆಯನ್ನು ಮುಟ್ಟಲೇಬೇಡಿ. ಪೆಲೆಟ್ ಕಂದು ಬಣ್ಣವಿದ್ದರೆ ಪಾಲಿಫೀನಾಲ್, ಪಿಪೆಟ್ ತುದಿಗೆ ಲೋಳೆಯಂತೆ ಅಂಟಿದರೆ ಪಾಲಿಸ್ಯಾಕರೈಡ್.

ಡಿಎನ್‌ಎಯನ್ನು ಟಿಇಯಲ್ಲಿ (ಟ್ರಿಸ್-ಇಡಿಟಿಎ ಬಫರ್) ಕರಗಿಸಿದ್ದರೆ ಅದನ್ನೂ ನೋಡಿ, ಇಡಿಟಿಎ ಟ್ಯಾಕ್‌ಗೆ ಬೇಕಾದ ಮೆಗ್ನೀಸಿಯಂ ಹಿಡಿಯುತ್ತದೆ. 1 ಮಿಲಿಮೋಲಾರ್ ಇಡಿಟಿಎ ಇರುವ ಟಿಇ 5 ಮೈಕ್ರೊಲೀಟರ್ ಹಾಕಿದರೆ ರಿಯಾಕ್ಷನ್‌ನಲ್ಲಿ 0.2 ಮಿಲಿಮೋಲಾರ್ ಮೆಗ್ನೀಸಿಯಂ ಕಟ್ಟಿಹೋಗುತ್ತದೆ. ಡಿಎನ್‌ಟಿಪಿಗಳೂ ತಮ್ಮ ಪಾಲು ಹಿಡಿದಿರುತ್ತವೆ, ಟ್ಯಾಕ್‌ಗೆ ಉಳಿಯುವುದು ಕಡಿಮೆ.

ಪ್ರಶ್ನೆ ಕೇಳಿದವರು

1:50ರಲ್ಲಿ 600ರ ಹತ್ತಿರ ಬ್ಯಾಂಡ್ ಬಂತು, ತುಂಬ ಮಸುಕು. ಸೈಕಲ್ 45ಕ್ಕೆ ಏರಿಸಬಹುದೇ?

ಉತ್ತರ

ಬೇಡ. ಪ್ರತಿ ಸೈಕಲ್‌ಗೂ ದುಪ್ಪಟ್ಟಾದರೆ 35 ಸೈಕಲ್‌ಗೆ ಒಂದು ಪ್ರತಿ ಸುಮಾರು 3,400 ಕೋಟಿ ಆಗಬೇಕು. ಆರ್‌ಬಿಸಿಎಲ್ ಕ್ಲೋರೊಪ್ಲಾಸ್ಟಿನ ಜೀನ್. ಎಲೆಯ ಒಂದೊಂದು ಕೋಶದಲ್ಲೂ ನೂರಾರು ಪ್ರತಿ ಇರುತ್ತದೆ. ಹಾಗಾಗಿ ಟೆಂಪ್ಲೇಟಿಗೆ (ಪ್ರತಿ ಮಾಡಬೇಕಾದ ಮೂಲ ಡಿಎನ್‌ಎಗೆ) ಕೊರತೆಯಿಲ್ಲ, ತಡೆ ಇನ್ನೂ ಉಳಿದಿದೆ. ಸೈಕಲ್ ಏರಿಸಿದರೆ ಬೇಡದ ತುಣುಕುಗಳೂ ಬೆಳೆಯುತ್ತವೆ.

ಅದೇ 1:50ಕ್ಕೆ 20 ಮಿಲಿಗ್ರಾಂ/ಮಿಲಿಲೀಟರ್ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) 0.5 ಮೈಕ್ರೊಲೀಟರ್ ಹಾಕಿ, ನೀರು ಅಷ್ಟು ಕಡಿಮೆ ಮಾಡಿ. ಉಳಿದ ಪಾಲಿಫೀನಾಲನ್ನು ಅದು ಹಿಡಿದುಕೊಳ್ಳುತ್ತದೆ. ಬಫರ್ ಪೂರ್ತಿ ಕರಗಿದ ಮೇಲೆ ಚೆನ್ನಾಗಿ ವೋರ್ಟೆಕ್ಸ್ ಮಾಡಿ, ಫ್ರೀಜ್ ಆದಾಗ ಮೆಗ್ನೀಸಿಯಂ ಲವಣ ಒಂದೇ ಸಮ ಉಳಿಯುವುದಿಲ್ಲ. ಟ್ಯಾಕ್ ಗ್ಲಿಸರಾಲ್‌ನಲ್ಲಿರುವುದರಿಂದ ತಳಕ್ಕಿಳಿಯುತ್ತದೆ. ಕೊನೆಗೆ ಹಾಕಿ, ಬೆರಳಿನಿಂದ ತಟ್ಟಿ ಬೆರೆಸಿ, ಒಂದು ಸ್ಪಿನ್ ಕೊಡಿ.

ಪಿಸಿಆರ್ ಉತ್ಪನ್ನವನ್ನೇ ನೇರ ಸೀಕ್ವೆನ್ಸಿಂಗ್‌ಗೆ ಕಳಿಸುವುದಾದರೆ ಮಾಮೂಲಿ ಟ್ಯಾಕ್ ಸಾಕು, ಅಲ್ಲೊಂದು ಇಲ್ಲೊಂದು ತಪ್ಪು ಉಳಿದ ಪ್ರತಿಗಳ ನಡುವೆ ಕಾಣುವುದಿಲ್ಲ. ಕ್ಲೋನ್ ಮಾಡುವುದಾದರೆ ಪ್ರೂಫ್‌ರೀಡಿಂಗ್ (ತನ್ನ ತಪ್ಪು ತಾನೇ ತಿದ್ದುವ ಗುಣ) ಇರುವ ಪಿಎಫ್‌ಯು ತರಹದ ಕಿಣ್ವ ಬೇಕು. ಎರಡರಲ್ಲೂ ಉಳಿದ ಪ್ರೈಮರ್ ತೆಗೆಯಲು ಮೊದಲು ಕಾಲಮ್ ಕ್ಲೀನಪ್ ಮಾಡಿ.