ಸಹಾಯ ಬೇಕು: ನಾಯಿ ಸ್ಪರ್ಧೆಯಲ್ಲಿ ಫೋಟೋ ಮಾರಲು ಎಷ್ಟು ಶುಲ್ಕ ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ಮದುವೆ, ನಾಮಕರಣದ ಫೋಟೋ ತೆಗೆಯುವುದು ಕೆಲಸ. ಎರಡು ವರ್ಷದಿಂದ ನಾಯಿಗಳ ಅಜಿಲಿಟಿ ಸ್ಪರ್ಧೆಯ (ನಾಯಿಗಳು ಅಡೆತಡೆ ದಾಟುತ್ತಾ ಓಡುವ ಆಟ) ಹುಚ್ಚು ಹತ್ತಿದೆ. ಹೋದ ಸಲ ಒಂದು ಮುಧೋಳ ನಾಯಿ ಅಡ್ಡಗಂಬ ಹಾರುವಾಗ ನಾಲ್ಕೂ ಕಾಲು ಗಾಳಿಯಲ್ಲಿದ್ದ ಫೋಟೋ ಸಿಕ್ಕಿತು. ಆ ಮನೆಯವರು ಮೂರು ಪ್ರಿಂಟ್ ತಗೊಂಡರು!

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳ ಸ್ಪರ್ಧೆಯ ಆಯೋಜಕರು ಸ್ಟಾಲ್‌ಗೆ 3,000 ರೂಪಾಯಿ, ಮೇಲೆ ಮಾರಾಟದಲ್ಲಿ ನೂರಕ್ಕೆ 20 ಪಾಲು ಕೇಳುತ್ತಿದ್ದಾರೆ. ನಾನು ಒಂದು ಫೋಟೋಗೆ ತಗೊಳ್ಳುವುದೇ 150. ಅವರ ಪಾಲು ಹೋದರೆ ಕೈಗೆ 120. ಅಂದರೆ 25 ಫೋಟೋ ಮಾರಿದರೆ ಸ್ಟಾಲ್ ದುಡ್ಡು ಮಾತ್ರ ವಾಪಸ್. ಪ್ರಿಂಟ್, ಪೆಟ್ರೋಲ್ ಬೇರೆ. ಜಾಸ್ತಿ ಆಯ್ತು ಅಲ್ವಾ?

ಫ್ಲ್ಯಾಶ್ ಬೇಡ, ರಿಂಗ್ (ನಾಯಿ ಓಡುವ ಜಾಗ) ಒಳಗೆ ಕಾಲಿಡಬೇಡಿ ಅಂತ ಅವರು ಅನ್ನುವುದಕ್ಕೆ ನನ್ನ ತಕರಾರಿಲ್ಲ. ನಾಯಿ ಬೆದರಿದರೆ ಓಟವೇ ಕೆಡುತ್ತದೆ. ಹಗಲಲ್ಲಿ ಫ್ಲ್ಯಾಶ್ ಇಲ್ಲದೆಯೂ ಸೆಕೆಂಡಿನ 1/1000 ಶಟರ್ ವೇಗ ಸಾಕು.

ಆದರೆ ಫೋಟೋಗಳ ಹಕ್ಕೂ ಅವರಿಗೇ ಬೇಕಂತೆ! 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ಫೋಟೋ ತೆಗೆದವರೇ ಮೊದಲ ಮಾಲೀಕರು. ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ತೆಗೆಸಿದವರದ್ದು. ಇಲ್ಲಿ ದುಡ್ಡು ಕೊಡುತ್ತಿರುವವನು ನಾನು. ಸುಮ್ನೆ ಸಹಿ ಹಾಕಿದರೆ ಕೈ ಖಾಲಿ.

ಕೋಲಾರ, ಚಿಕ್ಕಬಳ್ಳಾಪುರ ಕಡೆ ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಶುಲ್ಕ ಅಥವಾ ಪಾಲು, ಎರಡರಲ್ಲಿ ಒಂದೇ ಇಟ್ಟುಕೊಳ್ಳಿ ಅಂತ ಕೇಳಬಹುದಾ? ಶುಲ್ಕ ಕಟ್ಟಿದ ಮೇಲೆ ಬೇರೆ ಫೋಟೋಗ್ರಾಫರ್‌ಗೆ ಜಾಗ ಕೊಡಬೇಡಿ ಅಂತ ಬರೆಸಿಕೊಳ್ಳುವ ರೂಢಿ ಇದೆಯಾ? ಒಪ್ಪಂದದ ಮಾದರಿ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಭಾನುವಾರದೊಳಗೆ ಅವರಿಗೆ ಉತ್ತರ ಹೇಳಬೇಕು.